ಮೂವತ್ತು ತಿಂಗಳ ಕುತ್ತಿಗೆ

ಬಲಗಿವಿಯ ಕೆಳಗೆ, ಕಾಲರಿಗೆ ಒಂದು ಬೆರಳು ಮೇಲೆ, ಮೆಣಸಿನ ಕಾಳಿನಷ್ಟು ಮಚ್ಚೆ — ಇವತ್ತೂ ಅಲ್ಲೇ ಇದೆ, ಎಲ್ಲಿಗೆ ಹೋದೀತು, ಸುತ್ತ ಕ್ಷೌರದವನು ಎಷ್ಟು ಚೊಕ್ಕಟವಾಗಿ ಕತ್ತರಿ ಆಡಿಸಿದ್ದಾನೆ, ರಾಜೀನಾಮೆ ಕೊಡಬೇಕಾದ ದಿನ ಈ ಮನುಷ್ಯ ಕ್ಷೌರ ಮಾಡಿಸಿಕೊಂಡು, ಹೊಸ ಶರ್ಟು ತೊಟ್ಟು ಬಂದಿದ್ದಾರೆ, ಕೊಡುವವರ ಕುತ್ತಿಗೆ ಹೀಗಿರುತ್ತದೆಯೇ, ಕೊಡುವುದಿಲ್ಲ, ಖಂಡಿತ ಕೊಡುವುದಿಲ್ಲ — ಗೋಡೆಗೆ ತಾಗಿಸಿಟ್ಟ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಅವನು ಆ ಕುತ್ತಿಗೆಯನ್ನು ಓದುತ್ತಿದ್ದ, ಓದಲು ಅವನಿಗೆ ಬೇರೇನು ಕೊಟ್ಟಿದ್ದರು ಇಷ್ಟು ದಿನ. ಐದು ಪಕ್ಷ ಸೇರಿ ಕಟ್ಟಿದ ಸರ್ಕಾರ, ಒಂದು ಉದ್ದನೆಯ ಮೇಜು, ಪಕ್ಷಕ್ಕೊಂದು ಕುರ್ಚಿ ಮುಂದೆ, ಒಂದು ಹಿಂದೆ, ಮುಂದಿನವರು ಮಾತಾಡಬೇಕು, ಹಿಂದಿನವರು ಬಾಯಿ ತೆರೆಯುವ ಹಾಗಿಲ್ಲ, ಹೇಳುವುದಿದ್ದರೆ ಚೀಟಿ ಬರೆದು ಮುಂದಕ್ಕೆ ಕೊಡಬೇಕು, ಸಮನ್ವಯ ಸಮಿತಿಯ ಮೊದಲ ದಿನವೇ ಮಾಡಿಕೊಂಡ ನಿಯಮ. ನಾಲ್ಕೇ ಶಾಸಕರ ಅವರ ಪಕ್ಷಕ್ಕೆ ಮೇಜಿನ ಕೊನೆಯ ಮೂಲೆ, ಕಾಫಿಯ ತಟ್ಟೆ ಬರುವ ಬಾಗಿಲ ಪಕ್ಕ. ಮುಂದೆ ಭಾವ, ಹಿಂದೆ ಅವನು. ಭಾವ ಅಂದರೆ ಹೆಂಡತಿಯ ಅಕ್ಕನ ಗಂಡ, ಷಡ್ಡಕ, ಜಲಸಾರಿಗೆ ಮಂತ್ರಿ, ಇವತ್ತಿಗೆ ಮೂವತ್ತು ತಿಂಗಳು ತುಂಬಿತು, ಮಾತಿನ ಪ್ರಕಾರ ಉಳಿದ ಮೂವತ್ತು ಅವನದು, ಕಾರ್ಯಸೂಚಿಯಲ್ಲಿ ನಾಲ್ಕನೆಯದು ಅದೇ, ಈಗಿನ್ನೂ ಎರಡನೆಯದು ನಡೆಯುತ್ತಿದೆ.

ಮಾತು ಅಂದರೆ ಬರೀ ಬಾಯಿಮಾತು, ಮಾವನ ಮನೆಯ ಊಟದ ಮೇಜಿನ ಮೇಲೆ, ಅಕ್ಕ ತಂಗಿಯರಿಬ್ಬರೂ ಸಾಕ್ಷಿ, ಕಾಗದವಿಲ್ಲ, ಸಹಿಯಿಲ್ಲ — ಮೊದಲು ನೀವೇ ಆಗಿ ಭಾವ, ದೊಡ್ಡವರು ಅಂತ ಅವನೇ ಧಾರಾಳವಾಗಿ ಅಂದದ್ದು, ಆಹಾ ಎಂಥಾ ಧಾರಾಳ, ಒಳಗೆ ಲೆಕ್ಕ ಬೇರೆಯೇ ಇತ್ತು, ಐದು ದಿಕ್ಕಿಗೆ ಎಳೆಯುವ ಈ ಸರ್ಕಾರ ಆರು ತಿಂಗಳಲ್ಲಿ ಬೀಳುತ್ತೆ, ಬಿದ್ದಾಗ ಧೂಳು ಭಾವನ ತಲೆಗೆ, ನಾನು ಒಗೆದ ಬಟ್ಟೆಯಲ್ಲಿ ವಿರೋಧ ಪಕ್ಷದವರ ಜೊತೆ ಹೊಸ ಮಾತುಕತೆಗೆ ಕೂರುವುದು. ಬೀಳಲಿಲ್ಲ. ಹಾಳಾದ್ದು ಅಲ್ಲಾಡಿತು, ಬೀಳಲಿಲ್ಲ. ಇಪ್ಪತ್ತೆರಡು ವರ್ಷ ಪಕ್ಷಕ್ಕೆ ದುಡಿದವನು ಅವನು, ಗೋಡೆಗೆ ಅಂಟು ಹಚ್ಚಿದ್ದು, ಸೈಕಲ್ಲಿಗೆ ಮೈಕು ಕಟ್ಟಿಕೊಂಡು ನದಿಯ ಎರಡೂ ದಂಡೆ ಸುತ್ತಿದ್ದು, ಗಂಟಲು ಹರಿದುಕೊಂಡದ್ದು, ಈ ಭಾವ ಎಲ್ಲಿದ್ದರು ಆಗ, ಶಾಲೆಯಲ್ಲಿ ಮಕ್ಕಳಿಗೆ ಹೂಜಿ ಬರೆಯುವುದನ್ನು ಕಲಿಸುತ್ತಿದ್ದರು, ಡ್ರಾಯಿಂಗ್ ಮೇಷ್ಟ್ರು, ಆಚೆ ದಂಡೆಯ ಕ್ಷೇತ್ರಕ್ಕೆ ಯಾರೂ ನಿಲ್ಲಲು ಒಪ್ಪದಿದ್ದಾಗ ಕೈಕಾಲು ಹಿಡಿದು ಕರೆತಂದವನೂ ಅವನೇ, ಹೇಗೂ ಸೋಲೋ ಸೀಟು ಭಾವ, ಹೆಸರಿಗೆ ಇರಲಿ ಅಂದಿದ್ದ, ಹೆಸರಿಗೆ ನಿಂತವರು ಹನ್ನೊಂದು ಸಾವಿರದಲ್ಲಿ ಗೆದ್ದರು, ಅವನು ಇನ್ನೂರ ಆರರಲ್ಲಿ, ಅದೂ ಎರಡು ಸಲ ಎಣಿಸಿದ ಮೇಲೆ. ಹೊಟ್ಟೆಕಿಚ್ಚು, ಹೌದು, ಅದಕ್ಕೆ ಬೇರೆ ಹೆಸರಿಟ್ಟು ಏನು ಪ್ರಯೋಜನ, ಅವತ್ತು ಹೊತ್ತಿದ್ದು ಇನ್ನೂ ಆರಿಲ್ಲ.

ಮಚ್ಚೆ ಮೇಲಕ್ಕೆ ಸರಿಯಿತು, ಭಾವ ಮಾತಾಡುತ್ತಾರೆ ಈಗ, ಮಾತಾಡುವ ಮೊದಲು ಅದು ಹೀಗೆ ಅರ್ಧ ಬೆರಳು ಏರುತ್ತದೆ, ಅವರ ಹೆಂಡತಿಗೂ ಇದು ಗೊತ್ತಿರಲಾರದು, ಅವನಿಗೆ ಗೊತ್ತು — ಇಲ್ಲ, ಬರೀ ಕೆಮ್ಮು. ಎಷ್ಟು ಚೀಟಿ ಬರೆದಿದ್ದಾನೆ ಈ ಕುರ್ಚಿಯಿಂದ, ಮಂಡಿಯ ಮೇಲೆ ಪುಸ್ತಕವಿಟ್ಟುಕೊಂಡು, ಆಚೆ ದಂಡೆಯಲ್ಲೂ ಬೆಳಗಾಗುತ್ತದೆ ಸ್ವಾಮಿ, ಅಲ್ಲಿಗೂ ಒಂದು ದೋಣಿ ಕಳಿಸಿ, ಅಂತ ಬರೆದು ದಾಟಿಸಿದ್ದ ಒಂದು ಸಲ, ಭಾವ ಎದ್ದು ಅದನ್ನೇ ಓದಿದರು, ಮೇಜು ಗುದ್ದಿದರು ಎಲ್ಲರೂ, ಕಾಫಿಯ ಲೋಟಗಳು ಕುಣಿದವು, ಒಳಗೊಳಗೇ ಅವನು ಹಲ್ಲು ಕಚ್ಚಿ ಕೂತಿದ್ದ, ಆಗ ಈ ಮನುಷ್ಯ ಏನು ಮಾಡಬೇಕು, ಇದು ನಂದಲ್ಲ ಮೇಡಂ, ಹಿಂದೆ ಕೂತಿರೋ ನನ್ನ ತಮ್ಮಂದು ಅಂದರು, ಮುಖ್ಯಮಂತ್ರಿ ನಕ್ಕು, ನೋಡ್ರೀ, ಎಷ್ಟು ದೊಡ್ಡ ಮನಸ್ಸು ಇವರದು ಅಂದರು, ಮುಂದಿನ ಸಾಲಿನ ತಲೆಗಳೆಲ್ಲ ಹಿಂದಕ್ಕೆ ತಿರುಗಿ ಅವನನ್ನು ನೋಡಿ, ಇವನೇನು ಬರೆದಾನು ಅನ್ನುವ ಹಾಗೆ ಮತ್ತೆ ಮುಂದಕ್ಕೆ ತಿರುಗಿದವು. ಕದ್ದಿದ್ದರೆ ಬೈಯಬಹುದಿತ್ತು, ಕದಿಯಲೂ ಇಲ್ಲವಲ್ಲ ಈ ಮಹಾನುಭಾವರು. ದೋಣಿ ಮಂತ್ರಿ ಅನ್ನುವ ಹೆಸರು ಇಟ್ಟವನೂ ಅವನೇ, ಪತ್ರಿಕೆಯವನೊಬ್ಬನ ಕಿವಿಯಲ್ಲಿ ಊದಿದ್ದ, ಎಲ್ಲರೂ ಮೂಗು ಮುರಿದು ಬಿಟ್ಟ ಖಾತೆ ಕಣಯ್ಯಾ, ರೈಲೂ ಇಲ್ಲ ರಸ್ತೆಯೂ ಇಲ್ಲ, ನಮ್ಮ ಭಾವ ದೋಣಿ ಮಂತ್ರಿ ಅಂತ, ಗೇಲಿ ಮಾಡಲಿ ಜನ ಅಂತ. ಜನ ಗೇಲಿ ಮಾಡಿದರು, ಎರಡು ತಿಂಗಳು. ಆಮೇಲೆ ದೋಣಿಗಳು ಹೊತ್ತಿಗೆ ಸರಿಯಾಗಿ ಬರತೊಡಗಿದವು, ಭಾವ ತಾವೇ ನಿಂತು ಒಂದೊಂದಕ್ಕೂ ಬಣ್ಣ ಬಳಿಸಿದರು, ಹಳದಿಗೆ ನೀಲಿ ಅಂಚು, ಡ್ರಾಯಿಂಗ್ ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗುತ್ತೆ, ಈಗ ದಂಡೆಯಲ್ಲಿ ಮುದುಕಿಯರು ನಮ್ಮ ದೋಣಿ ಮಂತ್ರಿ ಅಂತ ಕೈ ಬೀಸುತ್ತಾರೆ, ಅವನು ಪಕ್ಕದಲ್ಲೇ ನಿಂತು ತಾನಿಟ್ಟ ಹೆಸರನ್ನು ಕೇಳಿಸಿಕೊಂಡು ನಗಬೇಕು.

ಮೂರನೆಯ ವಿಷಯಕ್ಕೆ ಬಂದರು. ಕೋಟಿನ ಒಳಜೇಬಿನಲ್ಲಿ ಮೂರು ಪುಟದ ಹೇಳಿಕೆ ಮಡಿಸಿಕೊಂಡು ಕೂತಿದೆ, ಕೊಟ್ಟ ಮಾತು ಮರೆತವರು ಅಂತ ಶುರುವಾಗುತ್ತದೆ, ವಾರದಿಂದ ತಿದ್ದಿದ್ದಾನೆ, ಕನ್ನಡಿಯ ಮುಂದೆ ಓದಿದ್ದಾನೆ, ಕೊನೆಗೆ ದನಿ ಗದ್ಗದವಾಗಬೇಕು, ಅದನ್ನೂ ಕಲಿತಿದ್ದಾನೆ — ಭಾವ ಕೊಡದೇ ಇದ್ದರೆ ಎಷ್ಟು ಚೆನ್ನ, ಕೊಡಬೇಡಿ ಭಾವ, ಒಂದೇ ಒಂದು ಸಲ ಕೆಟ್ಟವರಾಗಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಬೆಳಗ್ಗೆ ಹೆಂಡತಿ, ಅಕ್ಕ ಫೋನ್ ಮಾಡಿದ್ಲು ರೀ, ನಿನ್ನ ಗಂಡನಿಗೆ ಆ ಬೂದು ಕೋಟು ಹಾಕ್ಸು, ಫೋಟೋದಲ್ಲಿ ಚೆನ್ನಾಗಿ ಬರುತ್ತೆ ಅಂತ ಭಾವ ಹೇಳಿದ್ರಂತೆ ಅಂದಳು, ಅವನು ನೀಲಿ ಕೋಟು ಹಾಕಿಕೊಂಡು ಬಂದ.

ನಾಲ್ಕನೆಯದು, ಅಂದರು ಮುಖ್ಯಮಂತ್ರಿ. ಮಚ್ಚೆ ಏರಿತು. ಭಾವ ಎದ್ದು ಜೇಬಿನಿಂದ ಲಕೋಟೆ ತೆಗೆದು ಎರಡೂ ಕೈಯಿಂದ ಕೊಟ್ಟರು, ಇವತ್ತಿಗೆ ಮೂವತ್ತಾಯ್ತು ಮೇಡಂ, ಇನ್ನು ನಮ್ಮ ತಮ್ಮ, ನನಗಿಂತ ಚೆನ್ನಾಗಿ ಮಾಡ್ತಾನೆ, ಇಷ್ಟೇ, ಒಂದು ನಿಟ್ಟುಸಿರು ಬೇಡವೇ, ದನಿ ಸ್ವಲ್ಪ ನಡುಗಬೇಡವೇ. ಚಪ್ಪಾಳೆ, ಅವನಿಗಲ್ಲ, ಬಿಟ್ಟುಕೊಟ್ಟವರಿಗೆ. ಪ್ರಮಾಣವಚನ ನಾಳೆ, ಕುರ್ಚಿ ಇವತ್ತೇ, ಬನ್ನಿ ಬನ್ನಿ, ಅಂದರು ಮುಖ್ಯಮಂತ್ರಿ, ಭಾವ ಅವನ ಭುಜ ತಟ್ಟಿ ಹಿಂದಕ್ಕೆ ಹೋದರು, ಅವನು ಮುಂದಕ್ಕೆ ಬಂದು ಕೂತ, ಕುರ್ಚಿ ಇನ್ನೂ ಬೆಚ್ಚಗಿತ್ತು, ಥೂ, ಅದೂ ಅವರದೇ ಬಿಸಿ. ಇರಲಿ, ಈಗ ಅವರ ಸರದಿ, ಈಗ ಅವರು ನೋಡಲಿ, ಅವನ ಕುತ್ತಿಗೆ ಒಮ್ಮೆಲೇ ಜುಮ್ಮೆಂದಿತು, ಹಿಂದಿನಿಂದ ಎರಡು ಕಣ್ಣು ಅಲ್ಲಿ ನೆಟ್ಟಿವೆ, ಗೊತ್ತು ಅವನಿಗೆ, ಆ ಕುರ್ಚಿಯಲ್ಲಿ ಕೂತರೆ ನೋಡಲು ಇನ್ನೇನಿದೆ, ಉರಿಯಿರಿ ಭಾವ, ಚೆನ್ನಾಗಿ ಉರಿಯಿರಿ, ಮೂವತ್ತು ತಿಂಗಳು, ಅವನು ಕಾಲರು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿದ. ಮಂತ್ರಿಗಳೇ, ಅಂತ ಯಾರೋ ಕರೆದರು, ಅವನನ್ನೇ, ಕರೆದದ್ದು ಮುಖ್ಯಮಂತ್ರಿ, ಆಚೆ ದಂಡೆಯ ಮೊದಲ ದೋಣಿ ಆರು ಗಂಟೆಗೇ ಬಿಡಬೇಕಂತೆ, ಶಾಲೆಯ ಮಕ್ಕಳಿಗೆ, ಏನಂತೀರಿ. ಎಲ್ಲರೂ ಅವನ ಕಡೆ ತಿರುಗಿದರು. ಇಷ್ಟು ದಿನ ರಾಶಿ ಚೀಟಿ ಬರೆದವನಿಗೆ ಒಂದು ಮಾತೂ ಹೊಳೆಯಲಿಲ್ಲ, ಕೈ ತಾನಾಗಿ ಬೆನ್ನ ಹಿಂದಕ್ಕೆ ಹೋಯಿತು, ಅಂಗೈ ಬಿಚ್ಚಿಕೊಂಡು, ಬರೆಯಿರಿ ಭಾವ, ಏನಾದರೂ, ಒಂದು ಸಾಲು, ಬೇಗ — ಚೀಟಿ ಬರಲಿಲ್ಲ. ತಿರುಗಿ ನೋಡಿದ. ಭಾವ ನಿದ್ದೆ ಹೋಗಿದ್ದರು. ಅವನು ಮೂವತ್ತು ತಿಂಗಳು ರೆಪ್ಪೆ ಮುಚ್ಚದೆ ಕೂತ ಕುರ್ಚಿಯಲ್ಲಿ, ಕೂತು ಇನ್ನೂ ಐದು ನಿಮಿಷವಾಗಿಲ್ಲ, ಕೈ ಮಡಿಲಲ್ಲಿಟ್ಟು, ತುಟಿ ಸ್ವಲ್ಪ ತೆರೆದು, ಯಾರ ಕುತ್ತಿಗೆಯನ್ನೂ ನೋಡದೆ, ಮಂತ್ರಿಗಳೇ, ಹೇಗೆ ಬಂತು ಇವರಿಗೆ ನಿದ್ದೆ, ಅಲ್ಲಿ ಕೂತು ಹೇಗೆ ಬಂತು, ಮಂತ್ರಿಗಳೇ, ನಿಮ್ಮನ್ನೇ ಕೇಳ್ತಿರೋದು, ತಲೆ ಎಡಕ್ಕೆ ವಾಲಿ ಬಲಗಿವಿಯ ಕೆಳಗೆ ಆ ಮಚ್ಚೆ, ಮೆಣಸಿನ ಕಾಳಿನಷ್ಟು, ಉಸಿರಿನ ಜೊತೆ ಏರುತ್ತದೆ, ಇಳಿಯುತ್ತದೆ, ಏರುತ್ತದೆ