ಮೊದಲ ಪಕ್ಕೆಲುಬಿನ ಮೇಲೆ

ನಾನು ಒಂದು ಎದೆಗೂಡು. ಹುಬ್ಬಳ್ಳಿ ಕಡೆಯ ಒಂದು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿದ್ದೇನೆ. ನನ್ನ ಎಲುಬುಗಳು ಮೊದಲು ಯಾರದೋ ಆಗಿದ್ದವು. ಆ ಹೆಸರು ನನಗೆ ತಿಳಿಯದು. ನಾನು ನಾನಾದದ್ದು ವಿಭಾಗದ ಟೆಕ್ನಿಷಿಯನ್ ಫಕೀರಪ್ಪನ ಕೈಯಲ್ಲಿ. ಆತ ಹನ್ನೆರಡು ಜೊತೆ ಪಕ್ಕೆಲುಬುಗಳನ್ನು ಬಿಸಿಲಿಗೆ ಒಣಗಿಸಿ, ತೂತು ಕೊರೆದು, ಸಣ್ಣ ತಂತಿಯಿಂದ ಬೆನ್ನೆಲುಬಿಗೆ ಕಟ್ಟಿದ.

ನನಗೆ ಎರಡು ಬಾಯಿ. ಕೆಳಗಿನದು ಅಗಲ, ಬದುಕಿರುವವರಲ್ಲಿ ಅದನ್ನು ವಪೆ ಎಂಬ ಸ್ನಾಯುವಿನ ಪರದೆ ಮುಚ್ಚಿರುತ್ತದೆ. ಮೇಲಿನದು ಅಂಗೈ ಮುಚ್ಚುವಷ್ಟು. ಉಸಿರು, ಅನ್ನ, ರಕ್ತ ಎಲ್ಲವೂ ಅದರಲ್ಲೇ ಒತ್ತಿಕೊಂಡು ಸಾಗಬೇಕು. ಶ್ವಾಸಕೋಶ ಅಲ್ಲಿಗೆ ಮುಗಿಯಿತು ಎಂದುಕೊಳ್ಳುವ ವಿದ್ಯಾರ್ಥಿಗಳಿಗೆ ಫಕೀರಪ್ಪ ನನ್ನೊಳಗೆ ಬಲೂನು ಇಟ್ಟು ಊದುತ್ತಿದ್ದ. ಅದರ ತಲೆ ಮೊದಲ ಪಕ್ಕೆಲುಬು ದಾಟಿ ಮೇಲೇಳುತ್ತಿತ್ತು.

"ನೋಡ್ರಿ ಡಾಕ್ಟರವ್ವಾ, ಲಂಗ್ಸ್ ಇಲ್ಲಿಗೇ ನಿಂದ್ರಂಗಿಲ್ಲ. ಕುತ್ತಿಗ್ಯಾಗ ಇಣುಕತೈತಿ."

ಅವನಿಗೆ ಮೂವತ್ತೆಂಟಾದಾಗ ಬಲ ಭುಜ ನೋಯತೊಡಗಿತು. ನೋವು ತೋಳಿನೊಳಗಿಂದ ಕಿರುಬೆರಳಿನವರೆಗೆ ಇಳಿಯುತ್ತಿತ್ತು. ಹೆಣ ಎತ್ತಿ ಎತ್ತಿ ಹೀಗಾಗಿದೆ ಎಂದ, ಎಲ್ಲರೂ ಒಪ್ಪಿದರು. ಆಮೇಲೆ ಬೆರಳುಗಳಿಗೆ ತಂತಿ ತಿರುವಲು ಆಗಲಿಲ್ಲ. ಆಮೇಲೆ ಬಲಗಣ್ಣಿನ ರೆಪ್ಪೆ ಜೋಲಿತು.

"ಏನೋ ಫಕೀರಪ್ಪಾ, ಒಂದ ಕಣ್ಣಿನಾಗ ನಿದ್ದಿ ಮಾಡೂದು ಯಾವಾಗ ಕಲ್ತಿ?" ಎಂದರು ಪ್ರಾಧ್ಯಾಪಕ ಇನಾಮದಾರ್.

"ಇನ್ನೊಂದು ಡ್ಯೂಟಿ ಮ್ಯಾಲ ಐತ್ರಿ ಸರ್."

ಕೋಣೆಯಲ್ಲಿದ್ದ ವೈದ್ಯರೆಲ್ಲ ನಕ್ಕರು.

ಎರಡು ತಿಂಗಳ ಮೇಲೆ ಮೌಖಿಕ ಪರೀಕ್ಷೆ. ಫಕೀರಪ್ಪ ನನ್ನನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದ. ಶ್ವಾಸಕೋಶದ ತುದಿಯಲ್ಲಿ ಗಡ್ಡೆ ಬೆಳೆದರೆ ಏನಾಗುತ್ತದೆ ಎಂದು ಇನಾಮದಾರ್ ಕೇಳಿದರು. ರುಕ್ಸಾನಾ ಎಂಬ ಹುಡುಗಿ ನನ್ನ ಮೊದಲ ಪಕ್ಕೆಲುಬಿನ ಮೇಲೆ ಬೆರಳಿಟ್ಟು ಬಾಯಿಪಾಠ ಒಪ್ಪಿಸಿದಳು. ನರ ಒತ್ತಿ ತೋಳು ನೋಯುತ್ತದೆ, ಕಿರುಬೆರಳಿನವರೆಗೆ. ಕೈ ಸೋಲುತ್ತದೆ. ಅದೇ ಕಡೆಯ ರೆಪ್ಪೆ ಜೋಲುತ್ತದೆ. ಹೇಳುತ್ತ ತಲೆಯೆತ್ತಿದಳು. ಎದುರಿಗೆ ಅವನ ಮುಖವಿತ್ತು. ಸುಮ್ಮನಾದಳು. ಇನಾಮದಾರ್ ಕೂಡ ಆ ಕಡೆ ನೋಡಿದರು. ಮುಂದೆ ಹೇಳು ಎನ್ನಲಿಲ್ಲ.

"ಹೇಳ್ರಿ ಡಾಕ್ಟರವ್ವಾ," ಎಂದ ಫಕೀರಪ್ಪ, "ಬರೋಬ್ಬರಿ ಹೊಂಟಿತ್ತಲ್ಲ."

ಯುಗಾದಿಯವರೆಗೂ ಅವನು ಉಳಿಯಲಿಲ್ಲ.

ಅವನ ಏಪ್ರನ್ನು, ಊಟದ ಡಬ್ಬಿ ಒಯ್ಯಲು ಹೆಂಡತಿ ನೀಲವ್ವ ಬಂದಳು. ಗಡ್ಡೆ ಎಲ್ಲಿ ಆಗಿತ್ತು, ತೋರಿಸಿ ಎಂದಳು. ಇನಾಮದಾರ್ ನನ್ನನ್ನು ಮೇಜಿನ ಮೇಲಿಟ್ಟು ಜಾಗ ತೋರಿಸಿದರು. ಅವಳು ಅಲ್ಲಿ ಹೆಬ್ಬೆರಳು ಊರಿದಳು. ಬಹಳ ಹೊತ್ತು ತೆಗೆಯಲಿಲ್ಲ.

"ದಿನಾ ಮುಂಜಾನೆ ಎಣ್ಣಿ ತಿಕ್ಕಿದ್ದು ಇಲ್ಲೇರಿ ಸರ್. ಕೈಗೆ ಏನೂ ಹತ್ತಲಿಲ್ಲ."



ಈಗ ಪ್ಲಾಸ್ಟಿಕ್ ಎದೆಗೂಡುಗಳು ಬಂದಿವೆ. ನಾನು ಬೀರುವಿನ ಕೆಳಗಿನ ಖಾನೆಯಲ್ಲಿದ್ದೇನೆ. ಎದೆಗೂಡು ಇರುವುದು ಒಳಗಿರುವುದನ್ನು ಕಾಯಲು ಎಂದು ಪುಸ್ತಕದಲ್ಲಿದೆ. ಸರಿಯೇ. ಒಳಗೆ ಏನು ಬೆಳೆದರೂ ಕಾಯುತ್ತೇವೆ, ತಿಕ್ಕುವ ಕೈಗೆ ಸಿಗದ ಹಾಗೆ.