ಒಂದೇ ಸಲ ಮುಟ್ಟಿದ್ದು

ಅಂಕಯ್ಯ ಗಾಳ ಹಾಕುವಾಗ ಹೊಳೆಯ ಕಡೆ ನೋಡುತ್ತಿರಲಿಲ್ಲ. ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಹುರಿಯನ್ನು ಬಲಗೈ ತೋರುಬೆರಳಿನ ಮೇಲೆ ಹಾಯಿಸಿ ಬಿಟ್ಟು, ಅರ್ಧ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹದಿನೈದು ವರ್ಷ ಹುರಿ ಉಜ್ಜಿ ಉಜ್ಜಿ ಆ ಬೆರಳಲ್ಲಿ ಒಂದು ಗೀರು ಬಿದ್ದಿತ್ತು. ಲಕ್ಷ್ಮಣತೀರ್ಥದ ತಳದಲ್ಲಿ ಏನು ನಡೆಯುತ್ತಿದೆ ಎಂಬುದು ಆ ಗೀರಿಗೆ ತಿಳಿಯುತ್ತದೆ ಎಂದು ಹನಗೋಡಿನ ಜನ ಹೇಳುತ್ತಿದ್ದರು.

ಅದು ಪೂರ್ತಿ ಸುಳ್ಳೂ ಅಲ್ಲ. ಮಳೆಗಾಲ ಕಳೆದು ನೀರು ತಿಳಿಯಾಗಿ ತಣ್ಣಗಾದ ಮೇಲೆ ಬಾಳೆಮೀನು ಗಾಳವನ್ನು ಎಳೆದುಕೊಂಡು ಓಡುವುದಿಲ್ಲ. ಬಾಯಿಗೆ ಹಾಕಿಕೊಂಡು ಸುಮ್ಮನೆ ನಿಲ್ಲುತ್ತದೆ. ಆಗ ಹುರಿ ಒಂದಿಷ್ಟು ಭಾರವಾಗುತ್ತದೆ, ಇಲ್ಲವೇ ಇದ್ದ ಭಾರ ತಟ್ಟನೆ ಹೋಗಿಬಿಡುತ್ತದೆ. ಅಷ್ಟೇ. ಅದನ್ನು ಎಲೆ ತಾಗಿದ್ದು ಅಂದುಕೊಂಡವನ ಗಾಳಕ್ಕೆ ಮೀನು ಬೀಳುವುದಿಲ್ಲ. ಅಂಕಯ್ಯ ಎರೆಹುಳವನ್ನೂ ಬಿಟ್ಟಿದ್ದ. ಬಿದಿರು ತೇಲಿಸಲು ಬರುತ್ತಿದ್ದ ಮಲಯಾಳಿಯೊಬ್ಬ ಹೇಳಿಕೊಟ್ಟ ಹಾಗೆ, ಸೈಕಲ್ಲಿನ ಕೆಂಪು ಟ್ಯೂಬನ್ನು ಹುಳದಂತೆ ಸಣ್ಣಗೆ ಸೀಳಿ, ಮೀನೆಣ್ಣೆಯಲ್ಲಿ ನೆನೆಹಾಕಿ ಗಾಳಕ್ಕೆ ಪೋಣಿಸುತ್ತಿದ್ದ. ನೀರಲ್ಲಿ ಅದು ಜೀವ ಇದ್ದಂತೆಯೇ ಬಳುಕುತ್ತಿತ್ತು.

ಐವತ್ನಾಲ್ಕರ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಅವನ ಗಾಳ ಮಡುವಿನ ತಳದಲ್ಲಿ ಬಿದ್ದಿದ್ದ ಮತ್ತಿಮರದ ಕೊಂಬೆಗೆ ಸಿಕ್ಕಿಕೊಂಡಿತು. ಅಣ್ಣ ಮಹದೇವಯ್ಯ ಜೊತೆಯಲ್ಲಿದ್ದ. ಈಜಿನಲ್ಲಿ ಅವನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ.

“ನಾ ಬುಡಿಸ್ಕೊಂಡ್ ಬತ್ತೀನಿ. ಎಲ್ಡ್ ಸಲ ಜಗ್ಗುದ್ರೆ ಎಳ್ಕೊ, ಹುರಿ ಇಡ್ಕೊಂಡೇ ಮೇಲಕ್ ಬತ್ತೀನಿ,” ಎಂದು ಹೇಳಿ ಮುಳುಗಿದ.

ಮಹದೇವಯ್ಯ ಮೇಲೆ ಬರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಕೊಂಬೆಗಳ ಸಂದಿಯಿಂದ ಹೆಣ ತೆಗೆದರು. ಪಂಚೆ ಕವಲಿಗೆ ಸುತ್ತಿಕೊಂಡಿತ್ತು. ಅಂಕಯ್ಯ ಪೊಲೀಸರಿಗೂ ಊರವರಿಗೂ ಒಂದೇ ಮಾತು ಹೇಳಿದ: “ಹುರಿ ಅಲ್ಲಾಡ್ಲೇ ಇಲ್ಲ. ನಂಗೇನೂ ಗೊತ್ತಾಗ್ಲಿಲ್ಲ.” ಹಾಗೆ ಹೇಳುವಾಗ ಅವನ ಅತ್ತಿಗೆ ಮರಮ್ಮ ಅವನ ಕೈಯನ್ನೇ ನೋಡುತ್ತಿದ್ದಳು.

ತಿಥಿ ಮುಗಿದು ತಿಂಗಳಾದ ಮೇಲೆ ಅವನು ಮತ್ತೆ ಹೊಳೆಗೆ ಹೋದ. ಆ ಮಡುವಿಗೆ ಹೋಗಲಿಲ್ಲ, ಮೇಲಿನ ತಿರುವಿನಲ್ಲಿ ಕೂತ. ಹುರಿ ಬಿಟ್ಟು ಸ್ವಲ್ಪ ಹೊತ್ತಿಗೆ ಏನೋ ಮುಟ್ಟಿತು. ಒಂದೇ ಸಲ, ಬಲು ಮೆತ್ತಗೆ. ಅಂಕಯ್ಯನ ಕೈ ತನಗೆ ತಾನೇ ಎಳೆಯಿತು. ಗಾಳ ಖಾಲಿ ಬಂತು, ರಬ್ಬರಿನ ಮೇಲೆ ಹಲ್ಲಿನ ಗುರುತೂ ಇರಲಿಲ್ಲ. ಮರುದಿನ ಹಾಗೇ ಆಯಿತು. ಅದರ ಮರುದಿನವೂ. ಜಾಗ ಬದಲಿಸಿದ, ಹುರಿ ಬದಲಿಸಿದ. ಬಿಟ್ಟ ಕಡೆಯೆಲ್ಲ ದಿನಕ್ಕೊಂದು ಸಲ ಆ ಮುಟ್ಟುವಿಕೆ ಬರುತ್ತಿತ್ತು. ಮೀನಿನದು ಯಾವುದು, ಎಲೆಯದು ಯಾವುದು, ನೀರಿನ ಸೆಳವು ಯಾವುದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದು ಯಾವುದೂ ಆಗಿರಲಿಲ್ಲ. ಇದನ್ನು ಅವನು ಮೊದಲು ಒಮ್ಮೆ ಮಾತ್ರ ಕಂಡಿದ್ದ.

ಬೇಸಗೆಯಲ್ಲಿ ಮರಮ್ಮ ತವರಿಗೆ ಹೊರಟಳು. ಹಂಪಾಪುರದ ಹತ್ತಿರ ಕಪಿಲಾ ಹೊಳೆಯ ದಂಡೆಯಲ್ಲಿ ಅವಳ ತಾಯಿ ಚಿಕ್ಕಸಿದ್ದಮ್ಮನಿಗೆ ಎರಡು ಎಕರೆ ರಾಗಿ ಹೊಲವಿತ್ತು, ಉಳುವವರಿರಲಿಲ್ಲ. ಅಂಕಯ್ಯನಿಗೆ ಮದುವೆಯಾಗಿರಲಿಲ್ಲ, ಹನಗೋಡಿನಲ್ಲಿ ಹಿಡಿದಿಡುವಂಥದ್ದು ಏನೂ ಇರಲಿಲ್ಲ. ಅತ್ತಿಗೆಯ ಮೂಟೆ ಹೊತ್ತು ಬಂದವನು ಉತ್ತು ಬಿತ್ತಿಕೊಟ್ಟು ಹೋಗುತ್ತೇನೆಂದು ಅವರ ಕೊಟ್ಟಿಗೆಯಲ್ಲೇ ಉಳಿದ. ಹೊಳೆ ಬೇರೆ, ನೀರು ಬೇರೆ ಎಂಬ ಆಸೆ ಒಳಗಿತ್ತು. ಮಳೆ ನಿಂತು ನೀರು ಇಳಿದ ಮೇಲೆ ಕಪಿಲೆಗೆ ಹುರಿ ಬಿಟ್ಟ. ಹೊತ್ತು ಮಾರುದ್ದ ಏರುವುದರೊಳಗೆ ಬಂತು. ಒಂದೇ ಸಲ, ಬಲು ಮೆತ್ತಗೆ.

ಆಮೇಲೆ ಅದು ಹುರಿ ಹಿಡಿಯದಿದ್ದಾಗಲೂ ಬರತೊಡಗಿತು. ನೇಗಿಲ ಮೇಣಿ ಹಿಡಿದಾಗ, ಮುದ್ದೆ ಮುರಿಯುವಾಗ. ಮರಮ್ಮ ಅವನು ಬೆಚ್ಚುವುದನ್ನು ನೋಡಿದಳು. ಒಂದು ಬೆಳಗ್ಗೆ ಹೊಳೆಗೆ ಬಟ್ಟೆ ಒಗೆಯಲು ಬಂದವಳು ಬುಟ್ಟಿ ಇಳಿಸಿ, ಗಾಳ ಹಾಕಿ ಕೂತಿದ್ದ ಅವನ ಪಕ್ಕದ ಬಂಡೆಯ ಮೇಲೆ ಕೂತಳು.

“ಎಂಗ್ ಗೊತ್ತಾಯ್ತದೆ ಮೀನ್ ಬಂದುದ್ದು? ಇಲ್ಕೊಡು, ನಾನೂ ನೋಡ್ತೀನಿ.”

ಅವನು ಬೇಡವೆನ್ನಲು ಕಾರಣ ಸಿಗದೆ ಹುರಿಯನ್ನು ಅವಳ ಬೆರಳ ಮೇಲೆ ಹಾಯಿಸಿದ. “ಬಿಗಿಯಾಗ್ ಇಡೀಬ್ಯಾಡಿ ಅತ್ಗೆ. ಸಡ್ಲಾನೂ ಬುಡ್ಬ್ಯಾಡಿ. ಸೀಸದ್ ಗುಂಡು ತಳದಾಗೆ ಉರ್ಳೋದು ಗೊತ್ತಾಯ್ತಾ?”

“ಊಂ.”

“ಅದ್ ಬುಟ್ಟು ಬ್ಯಾರೆ ಏನಾದ್ರೂ ಆದ್ರೆ ಎಳೀರಿ.”

ಎದುರು ದಡದಲ್ಲಿ ಯಾರದೋ ಎಮ್ಮೆಗಳು ನೀರಿಗಿಳಿದವು. ಆಮೇಲೆ ಮರಮ್ಮನ ಮುಖ ಬದಲಾಯಿತು. ಅವಳು ಎಳೆಯಲಿಲ್ಲ.

“ಏನಾಯ್ತು?” ಎಂದ ಅಂಕಯ್ಯ.

“ಮುಟ್ತು. ಮಲ್ಗಿರೋರು ನಿದ್ದೇಲಿ ಕೈ ಮುಟ್ಟಿದಂಗೆ. ಒಂದ್ ಸಲ ಅಷ್ಟೇಯ.”

ಅಂಕಯ್ಯ ಬಂಡೆಯ ಮೇಲೆ ಎರಡೂ ಅಂಗೈ ಊರಿದ. ಒಂದು ವರ್ಷ ಹೊಟ್ಟೆಯೊಳಗಿಟ್ಟುಕೊಂಡಿದ್ದ ಮಾತು, ಯಾರೂ ಕೇಳದೆಯೇ ಹೊರಬಂತು.

“ಅಣ್ಣ ಮುಳುಗ್ದಾಗ ಇದೇ ಬಂತು ಅತ್ಗೆ. ಹುರಿ ಅಲ್ಲಾಡ್ಲಿಲ್ಲ ಅಂದಿದ್ದು ಸುಳ್ಳು. ಅಲ್ಲಾಡ್ತು. ಎಲ್ಡ್ ಸಲ ಜಗ್ತೀನಿ ಅಂದಿದ್ದ, ಒಂದೇ ಸಲ ಬಂತು. ಮೀನೇನೋ ಮೂಸ್ತಾ ಅದೆ ಅನ್ಕೊಂಡೆ. ಇನ್ನೊಂದ್ ಬರ್ಲಿ ಅಂತ ಕಾಯ್ದೆ.”

ಮರಮ್ಮ ಹೊಳೆಯಿಂದ ಕಣ್ಣು ತೆಗೆಯಲಿಲ್ಲ. ಹುರಿ ಇನ್ನೂ ಅವಳ ಬೆರಳ ಮೇಲಿತ್ತು.

“ಎಷ್ಟೊತ್ತು ಕಾಯ್ದೆ?”

“ಒಂದ್ ಬೀಡಿ ಸೇದೋವಷ್ಟೊತ್ತು.”

“ಸೇದ್ದಾ?”

ಅವನಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. “ಸೇದ್ದೆ,” ಎಂದ.

ಅವಳು ಹುರಿಯನ್ನು ನಿಧಾನವಾಗಿ ಕಡ್ಡಿಗೆ ಸುತ್ತಿದಳು. ಗಂಟು ಬಿದ್ದ ಕಡೆ ಬಿಡಿಸಿ ಮತ್ತೆ ಸುತ್ತಿದಳು. ಅವನ ಮುಂದಿಟ್ಟು, ಬಟ್ಟೆ ಬುಟ್ಟಿಯನ್ನು ಒಗೆಯದೆ ಹಾಗೇ ತಲೆಯ ಮೇಲಿಟ್ಟುಕೊಂಡು ಹೋದಳು.

ಮೂರು ದಿನ ಅವಳು ಅವನೊಡನೆ ಮಾತಾಡಲಿಲ್ಲ. ಊಟದ ತಟ್ಟೆಯನ್ನು ಚಿಕ್ಕಸಿದ್ದಮ್ಮ ಕೊಟ್ಟಿಗೆಗೆ ತಂದಿಡುತ್ತಿದ್ದಳು. ಅಂಕಯ್ಯ ಪಂಚೆ ಕಂಬಳಿ ಗಂಟು ಕಟ್ಟಿ ಹೊರಡಲು ಸಿದ್ಧನಾದ. ನಾಲ್ಕನೆಯ ದಿನ ನಸುಕಿನಲ್ಲಿ ಮರಮ್ಮ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು.

“ಎಲ್ಲಿಗ್ ಓಯ್ತೀಯೆ?”

“ಗೊತ್ತಿಲ್ಲ.”

“ಆ ಹುರಿ ತಕ್ಕೊಂಡ್ ಬಾ. ಯಾವ್ದು ಮೀನು, ಯಾವ್ದು ಅಲ್ಲ ಅಂತ ನಂಗೆ ಹೇಳ್ಕೊಡು. ಅವ್ರು ಮುಟ್ಟುದ್ರು, ನಿಂಗ್ ತಿಳೀಲಿಲ್ಲ. ನಂಗಾದ್ರೂ ತಿಳೀಲಿ.”

ಅಂದಿನಿಂದ ದಿನ ಬೆಳಗ್ಗೆ ಇಬ್ಬರೂ ಕಪಿಲೆಗೆ ಹೋದರು. ಊರಲ್ಲಿ ಮಾತು ಹುಟ್ಟಿತು. ವಿಧವೆ ಮೈದುನನ ಜೊತೆ ಹೊಳೆ ಕಾಯುತ್ತಾಳೆಂದು ಹೇಳುವವರು ಹೇಳಿದರು. ಮರಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಷ್ಯದ ಹೊತ್ತಿಗೆ ಅವಳ ಬೆರಳು ಪಳಗಿತು. ಹುರಿ ಹಗುರಾದ ಕ್ಷಣಕ್ಕೇ ಮಣಿಕಟ್ಟು ಮೇಲೆತ್ತಿ, ತನ್ನ ತೋಳುದ್ದದ ಬಾಳೆಮೀನನ್ನು ದಡಕ್ಕೆ ಎಳೆದಳು. ಅಂದು ಸಾರು ಮಾಡಿ, ಆ ಬೀಡಿಯ ಮಾತು ಕೇಳಿದ ಮೇಲೆ ಮೊದಲ ಸಲ ಅವನ ತಟ್ಟೆಗೆ ತಾನೇ ಬಡಿಸಿದಳು. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಹೊಳೆಯಿಂದ ಏಳುವಾಗ ದಿನವೂ ಒಂದೇ ಮಾತು ಕೇಳುತ್ತಿದ್ದಳು: “ಇವತ್ತು ಬಂತಾ?”

“ಬಂತು,” ಎನ್ನುತ್ತಿದ್ದ. ಕೆಲವು ದಿನ ಅವಳು “ನಂಗೂ” ಎನ್ನುತ್ತಿದ್ದಳು. ಅಂಥ ದಿನ ಅವಳ ನಡಿಗೆ ಹಗುರಾಗಿರುತ್ತಿತ್ತು.

ಐವತ್ತೆಂಟರ ಬೇಸಗೆಗೆ ಮೊದಲು, ಒಂದು ಬೆಳಗ್ಗೆ, ಅಂಕಯ್ಯನಿಗೆ ಅದು ಬರಲಿಲ್ಲ. ಬಿಸಿಲೇರುವವರೆಗೂ ಕಾದ. ಗುಂಡು ಉರುಳಿತು, ಎಲೆ ತಾಗಿತು, ಒಂದು ಕುಚ್ಚುಮೀನು ಬಿತ್ತು. ಅದು ಬರಲಿಲ್ಲ. ಮರುದಿನವೂ ಬರಲಿಲ್ಲ, ವಾರವಾದರೂ ಬರಲಿಲ್ಲ. ಅವನಿಗೆ ನೆಮ್ಮದಿಯಾಗಬೇಕಿತ್ತು. ಆದರೆ ಅಣ್ಣ ಎರಡನೇ ಸಲ ಮುಳುಗಿದಂತೆ ಎದೆ ಬರಿದಾಯಿತು.

ಎಂಟನೆಯ ದಿನವೂ ಮರಮ್ಮ ಎಂದಿನಂತೆ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. “ಇವತ್ತು ಬಂತಾ?”

“ಬಂತು,” ಎಂದ ಅಂಕಯ್ಯ.

ಅವಳು ಅವನ ಮುಖವನ್ನು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಆಮೇಲೆ, “ನಂಗೂ ಬಂತು,” ಎಂದು ಹೇಳಿ, ಮೀನಿನ ಬುಟ್ಟಿ ಎತ್ತಿಕೊಂಡು ದಂಡೆ ಹತ್ತಿದಳು.