ಆಲ್ಗಿರ್ ಮನೆ ಬಿಟ್ಟ ಬೆಳಿಗ್ಗೆ

ಕಾಲಿಚಾಳ ಡೇರೆಯಲ್ಲಿ ಅಂದು ಮಗನ ವರ್ಷದ ಊಟ. ಹೋದ ವರ್ಷ ಇದೇ ತಿಂಗಳು ಹದಿನೇಳರ ಎರ್ನಿಸ್ ಒಬ್ಬನೇ ಕುದುರೆ ಹತ್ತಿ ಬೆಟ್ಟ ದಾಟಲು ಹೋಗಿ, ಅಕಾಲದ ಹಿಮದಲ್ಲಿ ಹೂತುಹೋಗಿದ್ದ. ಯಾಕೆ ಹೋದನೆಂದು ಕಾಲಿಚಾಗೆ ಗೊತ್ತಾಗಲೇ ಇಲ್ಲ. "ಹಣೇಲಿ ಬರೆದಿತ್ತು" ಎಂದು ಅವನ ಚಿಕ್ಕಪ್ಪ ಮೊಲ್ದೋಬಾಯ್ ವರ್ಷವಿಡೀ ಹೇಳುತ್ತ ಬಂದಿದ್ದ. ಕೇಳಿದವರೂ ತಲೆಯಾಡಿಸುತ್ತ ಬಂದಿದ್ದರು.

ವೀರಗಾಥೆ ಹಾಡುವ ಮುದುಕ ತೊಕ್ತೋಸುನ್‌ನನ್ನು ಬಾಗಿಲಿಗೆ ಎದುರಾಗಿ, ಹಿರಿಯರ ಜಾಗದಲ್ಲಿ ಕೂರಿಸಿದ್ದರು. ಕಾಲಿಚಾ ಎಲ್ಲರಿಗೂ ಅರ್ಧರ್ಧ ಬಟ್ಟಲು ಚಹಾ ಹಾಕುತ್ತ ಬಂದಳು.

"ನೋಡ್ಕೊಂಡು ಹಾಕಕ್ಕ," ಎಂದ ನೆರೆಯ ಸಗಿನ್. "ಬಟ್ಟಲು ತುಂಬಿತು ಅಂದ್ರೆ ಎದ್ದು ಹೋಗು ಅಂತ. ಮಾಂಸ ಇನ್ನೂ ಬಂದಿಲ್ಲ."

"ನಿನಗೆ ಕೊಡ ತುಂಬ ಕೊಟ್ರೂ ನೀನು ಏಳೋನಲ್ಲ ಬಿಡೋ," ಎಂದಳು ಕಾಲಿಚಾ.

ತೊಕ್ತೋಸುನ್ ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ವೀರ ಆಲ್ಗಿರ್‌ನ ಗಾಥೆಗೆ ದನಿ ಎತ್ತಿದ.

"ಹುಟ್ಟಿದ ದಿನವೇ ಬರೆದಾಗಿತ್ತು, ಹದಿನೈದಕ್ಕೆ ಹೊರಡಲಿಕ್ಕಿತ್ತು,
ತಾಯಿ ಹಿಡಿದರೂ ನಿಲ್ಲಲಿಲ್ಲ, ಆಲ್ಗಿರ್ ಹಿಂದೆ ನೋಡಲಿಲ್ಲ..."

"ಯಾಕೆ ಹೊರಟ?"

ಕೇಳಿದವಳು ಕಾಲಿಚಾ. ಹಾಡಿನ ನಡುವೆ ಭಲೇ ಎನ್ನುವುದುಂಟು, ಅಳುವುದುಂಟು. ಪ್ರಶ್ನೆ ಕೇಳುವುದಿಲ್ಲ. ಅವನು ಹಾಡಿದ ಐವತ್ತು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಓಡುವ ಕುದುರೆಯ ಮೇಲಿಂದ ಬಿದ್ದವನಂತೆ ತೊಕ್ತೋಸುನ್ ಕಣ್ಣು ಬಿಟ್ಟ.

"ಬರೆದಿತ್ತಮ್ಮ."

"ಬರೆದದ್ದನ್ನ ಹುಡುಗ ಓದಿರಲಿಲ್ಲವಲ್ಲ ಅಜ್ಜ. ಆ ಬೆಳಿಗ್ಗೆ ಎದ್ದು ಜೀನು ಬಿಗಿದನಲ್ಲ, ಆಗ ಅವನ ತಲೇಲಿ ಏನಿತ್ತು?"

"ಅತ್ತಿಗೆ, ಹಿರಿಯರನ್ನ ಹಾಡಕ್ಕೆ ಬಿಡು," ಎಂದ ಮೊಲ್ದೋಬಾಯ್.

"ಧೈರ್ಯವಂತ ಕಣಮ್ಮ ಅವನು," ಎಂದ ಮುದುಕ.

"ಅವತ್ತೇ ಯಾಕೆ ಧೈರ್ಯ ಬಂತು? ಹಿಂದಿನ ದಿನ ಇರಲಿಲ್ವಾ?"

"ತಂದೆಯ ಸೇಡು..."

"ಅಪ್ಪನ ಮುಖಾನೇ ಕಂಡಿರಲಿಲ್ಲ ಅಂತ ಪ್ರತಿ ಸಲ ನೀವೇ ಹಾಡ್ತೀರಲ್ಲ."

"ಅದೂ ಹೌದಲ್ಲ," ಎಂದುಬಿಟ್ಟ ಸಗಿನ್, ಆಮೇಲೆ ಬಾಯಿ ಮುಚ್ಚಿಕೊಂಡ.

ಪದಗಳು ತೊಕ್ತೋಸುನ್‌ನವಲ್ಲ, ಗತಿಸಿದ ಹಿರಿಯರು ಕನಸಿನಲ್ಲಿ ಕೊಟ್ಟವು. ಒಂದನ್ನು ಸೇರಿಸಿದರೂ ಪಾಪ ಎಂದು ನಂಬಿ ಬಾಳಿದವನು ಅವನು. ಈಗ ಒಳಗೆ ಹುಡುಕಿದರೆ, ಕಾರಣ ಇರಬೇಕಾದ ಕಡೆ ಏನೂ ಇಲ್ಲ. ಐವತ್ತು ವರ್ಷ ಆಲ್ಗಿರ್‌ನನ್ನು ಯಾಕೋ ಎಂದು ಕೇಳದೆ ಕುದುರೆ ಹತ್ತಿಸಿದ್ದ. ಹೋಗಲಿ, ತಾನು ಹದಿನೈದಕ್ಕೆ ಮನೆ ಬಿಟ್ಟದ್ದು ಯಾಕೆ? ಕನಸು ಕರೆಯಿತು ಎಂದು ಊರಿಗೆಲ್ಲ ಹೇಳಿದ್ದ. ಕನಸು ಬಿದ್ದದ್ದು ಆಮೇಲೆ. ಆ ಬೆಳಿಗ್ಗೆ ನಡೆದದ್ದೇ ಬೇರೆ. ಅದು ನೆನಪಾಗಿ ಈ ವಯಸ್ಸಿನಲ್ಲೂ ಅವನ ಕಿವಿ ಬಿಸಿಯಾಯಿತು. ಮೆಲ್ಲಗೆ ಹಾಡಿದ.

"ಹಾಲು ಕರೆವ ಸಾಲಿನಲ್ಲಿ, ಹೆಂಗಸರೆಲ್ಲ ನೋಡುವಲ್ಲಿ,
ತಾಯ ಬೆನ್ನ ಬಿಡದ ಮರಿಗೆ ಕುದುರೆ ಬೇರೆ ಕೇಡು ಎಂದು
ನಕ್ಕವ ಬಂಧು, ಹಗೆಯಲ್ಲ. ಆಲ್ಗಿರ್ ರೊಟ್ಟಿ ಮುಟ್ಟಲಿಲ್ಲ..."

ಬಟ್ಟಲು ಬಿತ್ತು. ಕಂಬಳಿಯ ಮೇಲೆ ಚಹಾ ಹರಿಯಿತು. ಮೊಲ್ದೋಬಾಯ್ ಅದನ್ನು ನೋಡಲಿಲ್ಲ.

"ಯಾರು ಹೇಳಿದ್ರು ನಿಮಗೆ?" ಅವನು ಮುದುಕನತ್ತ ಬಾಗಿದ. "ತಮಾಷೆಗಂದೆ. ಹಾಲು ಕರೆಯೋರು ನಾಲ್ಕು ಜನ ನಕ್ಕರು, ಅಷ್ಟೇ. ಎರ್ನಿಸ್ ಊಟ ಬಿಟ್ಟು ಹೋದ. ಹಿಮ ಬರುತ್ತೆ ಅಂತ ನನಗೇನು ಗೊತ್ತು?"

ಯಾರೂ ಹೇಳಿರಲಿಲ್ಲ. ಅದು ತೊಕ್ತೋಸುನ್ ಮನೆ ಬಿಟ್ಟ ಬೆಳಿಗ್ಗೆ ಅವನದೇ ಬಂಧು ಆಡಿದ್ದ ಮಾತು. ಬಾಗಿಲ ಬಳಿಯ ಹೆಂಗಸರಲ್ಲಿ ಇಬ್ಬರು ತಲೆ ತಗ್ಗಿಸಿದರು. ಅವರೂ ಅವತ್ತು ಅಲ್ಲಿದ್ದವರು.

ಕಾಲಿಚಾ ಬಿದ್ದ ಬಟ್ಟಲನ್ನು ಎತ್ತಿ ಬಟ್ಟೆಯಿಂದ ಒರೆಸಿದಳು. ಚಹಾ ಹಾಕಿದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಅಂಚಿನವರೆಗೆ ತುಂಬಿಸಿ, ಎರಡೂ ಕೈಯಿಂದ ಮೈದುನನಿಗೆ ನೀಡಿದಳು.

ಸಗಿನ್ ನೆಲ ನೋಡಿದ.

"ಅತ್ತಿಗೆ," ಎಂದ ಮೊಲ್ದೋಬಾಯ್.

ಅವಳು ಬಟ್ಟಲನ್ನು ಹಾಗೇ ಹಿಡಿದಿದ್ದಳು. ಅವನು ತೆಗೆದುಕೊಂಡ. ಬೆರಳ ಮೇಲೆ ಬಿಸಿ ಚೆಲ್ಲಿತು. ಒಂದು ಗುಟುಕೂ ಕುಡಿಯದೆ ಕೆಳಗಿಟ್ಟು, ಟೊಪ್ಪಿಗೆ ತೆಗೆದುಕೊಂಡು ಹೊರಗೆ ಹೋದ. ಕುದುರೆಯ ಸದ್ದು ದೂರವಾಯಿತು.

ಆಮೇಲೆ ಕಾಲಿಚಾ ತೊಕ್ತೋಸುನ್‌ನ ಬಟ್ಟಲನ್ನು ಎಳೆದುಕೊಂಡಳು. ಚಹಾ ಹಾಕಿ ಅರ್ಧಕ್ಕೇ ನಿಲ್ಲಿಸಿದಳು.

"ರೊಟ್ಟಿ ಮುಟ್ಟಲಿಲ್ಲ ಅಂದ್ರಿ," ಎಂದಳು. "ಹೇಳಿ ಅಜ್ಜ. ಆಮೇಲೆ?"